ಸಹಿಯ ಕುರ್ಚಿ: ಆಸ್ಪತ್ರೆಯಿಂದ ಔಷಧ ಕಂಪನಿಗೆ ಹೋಗುವ ವೈದ್ಯರ ಕುರಿತು ಒಂದು ಟಿಪ್ಪಣಿ

ಎಂಬಿಬಿಎಸ್ ಮುಗಿಸಿದವರು ಆಸ್ಪತ್ರೆ ಬಿಟ್ಟು ಔಷಧ ಕಂಪನಿಗೋ, ಔಷಧ ಪ್ರಯೋಗ ನಡೆಸಿಕೊಡುವ ಸಂಸ್ಥೆಗೋ, ವಿಮಾ ಕಚೇರಿಗೋ ಸೇರುವುದು ಬೆಂಗಳೂರಿನಲ್ಲಿ ಈಗ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ‘ನಾನ್-ಕ್ಲಿನಿಕಲ್‌ಗೆ ಹೋಗೋದು’ ಎಂದು ಅವರವರಲ್ಲೇ ಅದಕ್ಕೊಂದು ಹೆಸರಿದೆ. ಕಾರಣ ಕೇಳಿದರೆ ಬರುವ ಉತ್ತರಗಳೂ ಗೊತ್ತಿರುವವೇ: ಪಿಜಿ ಸೀಟು ಸಿಗಲಿಲ್ಲ, ಡ್ಯೂಟಿ ಡಾಕ್ಟರ್ ಸಂಬಳದಲ್ಲಿ ಮನೆ ನಡೆಯುವುದಿಲ್ಲ, ರಾತ್ರಿ ಪಾಳಿ ಸಾಕಾಯಿತು, ರೋಗಿಯ ಕಡೆಯವರು ಕೈ ಎತ್ತುವ ಭಯ. ಇವು ಯಾವುವೂ ಸುಳ್ಳಲ್ಲ. ಆದರೆ ವೈದ್ಯರು ಇಲ್ಲಿಂದ ಯಾಕೆ ಏಳುತ್ತಾರೆ ಎಂಬುದನ್ನಷ್ಟೇ ಇವು ಹೇಳುತ್ತವೆ. ಅಲ್ಲಿ ಅವರಿಗೆಂದು ಕುರ್ಚಿ ಹಾಕಿಟ್ಟವರು ಯಾರು, ಯಾಕೆ ಹಾಕಿಟ್ಟರು ಎಂಬುದು ಬೇರೆಯೇ ಪ್ರಶ್ನೆ. ಮಾತ್ರೆ ತಯಾರಿಸಲು ರಸಾಯನಶಾಸ್ತ್ರ ಬಲ್ಲವರು ಸಾಕು, ಮಾರಲು ಎಂ.ಆರ್. ಸಾಕು. ನಾಡಿ ಹಿಡಿಯುವವರಿಂದ ಕಂಪನಿಗೆ ಏನಾಗಬೇಕು?

ಈ ಟಿಪ್ಪಣಿಯ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕುರ್ಚಿಯನ್ನು ಹಾಕಿದ್ದು ಬಹುಮಟ್ಟಿಗೆ ಕಾನೂನು, ಆ ಕಾನೂನನ್ನು ಬರೆಸಿದ್ದು ಸಾವುಗಳು. ಹಾಗಾಗಿ ಒಬ್ಬ ವೈದ್ಯರು ಕಂಪನಿಗೆ ಹೋಗಿ ವೈದ್ಯರಾಗಿಯೇ ಉಳಿಯುತ್ತಾರೋ ಇಲ್ಲವೋ ಎಂಬುದನ್ನು ಅವರ ಹುದ್ದೆಯ ಹೆಸರಿನಿಂದ ಅಳೆಯಲಾಗದು. ಯಾವ ಕಾಗದಕ್ಕೆ ಅವರ ಸಹಿ ಬೇಕು, ಸಹಿ ಹಾಕುವುದಿಲ್ಲ ಎಂದರೆ ಆ ಮಾತು ನಿಲ್ಲುತ್ತದೆಯೇ ಎಂಬುದರಿಂದ ಅಳೆಯಬೇಕು.

ವೈದ್ಯಕೀಯ ಉದ್ಯಮ ದೊಡ್ಡದು. ವಿಮೆಯ ಪೂರ್ವಾನುಮತಿ ಕೊಡುವ ಮೇಜು, ಉಪಕರಣಗಳ ವಿನ್ಯಾಸ, ಆಸ್ಪತ್ರೆಯ ಆಡಳಿತ, ಆರೋಗ್ಯದ ಸಾಫ್ಟ್‌ವೇರ್ ಎಲ್ಲವೂ ಅದರಲ್ಲಿವೆ. ನಾನಿಲ್ಲಿ ಔಷಧಕ್ಕೆ ಮಾತ್ರ ಅಂಟಿಕೊಳ್ಳುತ್ತೇನೆ, ಏಕೆಂದರೆ ವೈದ್ಯರ ಪಾತ್ರದ ಬಗ್ಗೆ ಬರೆದಿಟ್ಟ ದಾಖಲೆ ಅಲ್ಲಿ ದಟ್ಟವಾಗಿದೆ. ಸಂದರ್ಶನಗಳನ್ನು ನೆಚ್ಚಿಕೊಂಡಿಲ್ಲ. ಆಧಾರವೆಲ್ಲ ಕಾನೂನಿನ ಪಠ್ಯ, ಮಾರ್ಗಸೂಚಿ, ಪ್ರಕಟಿತ ಇತಿಹಾಸ.

ಕಾನೂನು ಬರುವ ಮುಂಚೆ

ಕಂಪನಿಗೆ ಹೋಗುವ ವೈದ್ಯರನ್ನು ವೃತ್ತಿಬಾಂಧವರು ಕೆಳಗಣ್ಣಿನಿಂದ ನೋಡುವುದು ಹಳೆಯ ರೂಢಿ. 1904ರಲ್ಲಿ ಹೆನ್ರಿ ಡೇಲ್ ಎಂಬ ಯುವ ವೈದ್ಯ ಲಂಡನ್ನಿನ ವೆಲ್‌ಕಮ್ ಔಷಧ ಕಂಪನಿಯ ಪ್ರಯೋಗಾಲಯ ಸೇರಲು ಹೊರಟಾಗ ಗೆಳೆಯರಲ್ಲಿ ಹೆಚ್ಚಿನವರು ಬೇಡವೆಂದೇ ಬುದ್ಧಿ ಹೇಳಿದ್ದರು. ಡೇಲ್ ಕೇಳಲಿಲ್ಲ. ರೈ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಬೂಷ್ಟಿನ ಔಷಧೀಯ ಗುಣವನ್ನು ಬಿಡಿಸಿ ನೋಡು ಎಂದು ಕಂಪನಿಯ ಒಡೆಯನೇ ಸೂಚಿಸಿದ್ದ. ಆ ಕೆಲಸ ಡೇಲ್‌ರನ್ನು ನರಗಳ ರಾಸಾಯನಿಕ ಸಂದೇಶದ ಅಧ್ಯಯನಕ್ಕೆ ಕರೆದೊಯ್ದಿತು. 1936ರಲ್ಲಿ ಓಟೋ ಲೋವಿ ಜೊತೆ ನೊಬೆಲ್ ಬಂತು. ಕಂಪನಿಯಲ್ಲಿ ಡೇಲ್ ಇದ್ದದ್ದು 1914ರವರೆಗೆ. ಅಲ್ಲಿ ಅವರಿಗೆ ಸಿಕ್ಕಿದ್ದು ಸ್ವಾತಂತ್ರ್ಯ. ಆದರೆ ಅದು ಒಡೆಯನೊಬ್ಬನ ಉದಾರತೆಯಿಂದ ಬಂದದ್ದು, ಕಾನೂನಿನಿಂದಲ್ಲ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಈ ಅನುಮಾನ ನಿಯಮವಾಗಿಯೇ ಬರೆಯಲ್ಪಟ್ಟಿತು. ಜಾನ್ ಜೇಕಬ್ ಏಬಲ್ 1908ರಲ್ಲಿ ಕಟ್ಟಿದ ಅಮೆರಿಕದ ಔಷಧಶಾಸ್ತ್ರಜ್ಞರ ಸಂಘ ಔಷಧ ಕಂಪನಿಯ ಕಾಯಂ ನೌಕರರಿಗೆ ಸದಸ್ಯತ್ವ ಕೊಡುತ್ತಿರಲಿಲ್ಲ. ಈ ನಿಷೇಧ ತೆರವಾದದ್ದು 1941ರಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1940ರಲ್ಲಿ, ಯಲ್ಲಾಪ್ರಗಡ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯ ಸೇರಿದ್ದರು. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಖಾದಿ ತೊಟ್ಟ ತಪ್ಪಿಗೆ ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಕಟ್ಟಿಕೊಂಡು ಹೊರಬಂದವರು ಅವರು. ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಹೊಟ್ಟೆಪಾಡಿಗೆ ರಾತ್ರಿ ಆಳಿನ ಕೆಲಸ ಮಾಡಿದ್ದರು. ರಕ್ತದಲ್ಲಿ ರಂಜಕವನ್ನು ಅಳೆಯುವ ಫಿಸ್ಕೆ-ಸುಬ್ಬರಾವ್ ವಿಧಾನ 1925ರದು. ಲೆಡರ್ಲಿಯಲ್ಲಿ ಅವರ ತಂಡದಿಂದ ಫೋಲಿಕ್ ಆಮ್ಲದ ಸಂಶ್ಲೇಷಣೆ ಬಂತು. ಅದರ ಬೆನ್ನಿಗೆ ಬಂದ ಅಮಿನಾಪ್ಟೆರಿನ್ ಅನ್ನು ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್‌ನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಆನೆಕಾಲು ರೋಗದ ಡಿಇಸಿ ಮಾತ್ರೆಯೂ ಅದೇ ಪ್ರಯೋಗಾಲಯದ ಕೂಸು. ನಮ್ಮ ಕರಾವಳಿಯಲ್ಲೂ ಕಲಬುರಗಿ, ಬೀದರ್, ಯಾದಗಿರಿ ಕಡೆಯಲ್ಲೂ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಎದುರಿಗೇ ನುಂಗಿಸಿದ ಮಾತ್ರೆ ಅದು.

ಡೇಲ್ ಆಗಲಿ ಸುಬ್ಬರಾವ್ ಆಗಲಿ ರೋಗಿಯ ಮಂಚದ ಬಳಿ ಬಹುಕಾಲ ನಿಂತವರಲ್ಲ. ಅವರು ವೈದ್ಯ ಪದವಿ ಇದ್ದ ವಿಜ್ಞಾನಿಗಳು. ಕಂಪನಿಗೆ ಬೇಕಾದದ್ದು ಅವರ ಪ್ರಯೋಗಾಲಯದ ಕೈ. ಚಿಕಿತ್ಸಕನೊಬ್ಬ ತನ್ನ ಚಿಕಿತ್ಸಕ ಬುದ್ಧಿಯ ಬಲದ ಮೇಲೆಯೇ ಕಂಪನಿಯಲ್ಲಿ ಬೇಕಾದವನಾಗುವುದು ಇನ್ನೊಂದು ದಾರಿಯಿಂದ. ಆ ದಾರಿ ಪ್ರಯೋಗಾಲಯದಿಂದ ಹೊರಟದ್ದಲ್ಲ.

1937 ಮತ್ತು 1960

ಅಮೆರಿಕದ ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಕಂಪನಿ 1937ರಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಸಿಹಿ ದ್ರಾವಣವಾಗಿ ಮಾರುಕಟ್ಟೆಗೆ ಬಿಟ್ಟಿತು. ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್. ಬಣ್ಣ, ರುಚಿ, ಪರಿಮಳ ಎಲ್ಲವನ್ನೂ ಕಂಪನಿ ಪರೀಕ್ಷಿಸಿತ್ತು. ವಿಷವೇ ಎಂಬುದೊಂದನ್ನು ಬಿಟ್ಟು. ಮೂತ್ರಪಿಂಡ ಕೈಕೊಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಅನೇಕರು. ಆಗಿನ ಕಾನೂನಿನ ಪ್ರಕಾರ ಸುರಕ್ಷತೆಯ ಪರೀಕ್ಷೆ ಕಡ್ಡಾಯವೇ ಆಗಿರಲಿಲ್ಲ. 1938ರ ಕಾಯ್ದೆ ಬಂದದ್ದು ಈ ಸಾವುಗಳ ನಂತರ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿ ವಿಷ ಯಾವುದೆಂದು ತೋರಿಸಿದ ತಂಡದಲ್ಲಿ ಫ್ರಾನ್ಸಿಸ್ ಓಲ್ಡಮ್ ಎಂಬ ವಿದ್ಯಾರ್ಥಿನಿ ಇದ್ದಳು.

ಮದುವೆಯಾಗಿ ಕೆಲ್ಸಿ ಎಂಬ ಹೆಸರು ಪಡೆದ ಆಕೆ 1938ರಲ್ಲಿ ಔಷಧಶಾಸ್ತ್ರದಲ್ಲಿ ಪಿಎಚ್.ಡಿ., 1950ರಲ್ಲಿ ವೈದ್ಯ ಪದವಿ ಪಡೆದರು. ಕೆಲಕಾಲ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಗೆ ಲೇಖನಗಳನ್ನು ಪರಿಶೀಲಿಸಿದರು. ಆಮೇಲೆ ದಕ್ಷಿಣ ಡಕೋಟಾದ ವರ್ಮಿಲಿಯನ್ ಎಂಬ ಪುಟ್ಟ ಊರಿನಲ್ಲಿ ಪಾಠ ಹೇಳಿದರು, ನಂತರ ಅಲ್ಲೇ ರೋಗಿಗಳನ್ನು ನೋಡಿದರು. 1960ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸೇರಿದ ಮರುತಿಂಗಳೇ ಅವರ ಮೇಜಿಗೆ ಬಂದ ಅರ್ಜಿ ಥಾಲಿಡೊಮೈಡ್‌ನದು. ಹೊಸಬರಿಗೆ ಸುಲಭದ್ದು ಕೊಡೋಣ ಎಂಬ ಲೆಕ್ಕ. ಜರ್ಮನಿಯಲ್ಲಿ 1957ರಿಂದಲೂ ಮಾರಾಟವಾಗುತ್ತಿದ್ದ ನಿದ್ರೆ ಮಾತ್ರೆ ಅದು.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಥಾಲಿಡೊಮೈಡ್ ಕತೆ ಎಲ್ಲರಿಗೂ ಗೊತ್ತಿದ್ದರೂ ಅದರಲ್ಲಿ ಚಿಕಿತ್ಸಕ ಬುದ್ಧಿ ಕೆಲಸ ಮಾಡಿದ ಬಗೆಯನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಆಗಿನ ನಿಯಮದಂತೆ 60 ದಿನದೊಳಗೆ ಆಕ್ಷೇಪ ಎತ್ತದಿದ್ದರೆ ಅರ್ಜಿ ತಾನಾಗಿಯೇ ಮಂಜೂರು. ಕೆಲ್ಸಿ ಪ್ರತಿ ಸಲವೂ ಗಡುವಿನೊಳಗೆ ಅರ್ಜಿ ಅಪೂರ್ಣವೆಂದು ಬರೆದು ಕಳಿಸಿದರು. ಅವರ ಆಕ್ಷೇಪ ಮೊದಲಿಗೆ ಜನ್ಮದೋಷದ ಬಗ್ಗೆ ಆಗಿರಲೇ ಇಲ್ಲ. ಅರ್ಜಿಯ ಜೊತೆಗಿದ್ದ ವೈದ್ಯರ ವರದಿಗಳು ಅವರಿಗೆ ಪ್ರಶಂಸಾಪತ್ರಗಳಂತೆ ಕಂಡವು. ಪತ್ರಿಕೆಯ ಮೇಜಿನಲ್ಲಿದ್ದಾಗ ಯಾರ ಬರಹ ನೆಚ್ಚುವಂಥದ್ದಲ್ಲ ಎಂದು ಕಂಡಿದ್ದರೋ ಅಂಥ ಕೆಲವರ ಹೆಸರೇ ಇಲ್ಲೂ ಇದ್ದವು. 1960ರ ಡಿಸೆಂಬರ್ 31ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಸ್ಲಿ ಫ್ಲಾರೆನ್ಸ್ ಎಂಬ ವೈದ್ಯರ ಪುಟ್ಟ ಪತ್ರವೊಂದು ಬಂದಿತ್ತು: ಈ ಮಾತ್ರೆಯನ್ನು ಬಹುದಿನ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿದೆ, ಇದೇ ಕಾರಣವೇ? 1961ರ ಫೆಬ್ರವರಿಯಲ್ಲಿ ಅದು ಕೆಲ್ಸಿ ಕಣ್ಣಿಗೆ ಬಿತ್ತು. ದೊಡ್ಡವರ ನರಗಳನ್ನೇ ಕೆಡಿಸುವ ಔಷಧ ಗರ್ಭದಲ್ಲಿನ ಶಿಶುವಿಗೆ ಏನು ಮಾಡೀತು ಎಂಬ ಪ್ರಶ್ನೆ ಅವರಿಗೆ ಬಂತು. ಯುದ್ಧಕಾಲದಲ್ಲಿ ಮಲೇರಿಯಾ ಔಷಧಗಳ ಸಂಶೋಧನೆ ಮಾಡಿದ್ದಾಗ ಗರ್ಭಸ್ಥ ಮರಿಯ ದೇಹ ಔಷಧವನ್ನು ತಾಯಿಯ ದೇಹದಂತೆ ನಿಭಾಯಿಸುವುದಿಲ್ಲ ಎಂದು ಮೊಲಗಳಲ್ಲಿ ಕಂಡಿದ್ದರು. ಗರ್ಭಿಣಿಯರಲ್ಲಿ ಸುರಕ್ಷಿತವೆಂಬುದಕ್ಕೆ ಆಧಾರ ಕೊಡಿ ಎಂದು ಅವರು ಕೇಳಿದ್ದು 1961ರ ಮೇ ತಿಂಗಳಲ್ಲಿ. ಜರ್ಮನಿಯ ಲೆಂಟ್ಸ್, ಆಸ್ಟ್ರೇಲಿಯಾದ ಮ್ಯಾಕ್‌ಬ್ರೈಡ್ ಇಬ್ಬರೂ ಅಂಗಹೀನ ಶಿಶುಗಳ ಬಗ್ಗೆ ಎಚ್ಚರಿಸಿದ್ದು ಆ ವರ್ಷದ ಕೊನೆಗೆ.

ಅರ್ಜಿ ಹಾಕಿದ್ದ ರಿಚರ್ಡ್‌ಸನ್-ಮೆರೆಲ್ ಕಂಪನಿಯಲ್ಲೂ ವೈದ್ಯರಿದ್ದರು. 1961ರ ಜೂನ್‌ನಲ್ಲಿ ಪ್ರಸೂತಿಶಾಸ್ತ್ರದ ಹೆಸರಾಂತ ಅಮೆರಿಕನ್ ಪತ್ರಿಕೆಯೊಂದರಲ್ಲಿ ಗರ್ಭದ ಕೊನೆಯ ತಿಂಗಳುಗಳಲ್ಲಿ ಥಾಲಿಡೊಮೈಡ್ ನಿರಪಾಯಕಾರಿ ಎನ್ನುವ ಲೇಖನ ಬಂತು. ಮೇಲಿದ್ದದ್ದು ಸಿನ್ಸಿನಾಟಿಯ ಪ್ರಸೂತಿ ವೈದ್ಯರೊಬ್ಬರ ಹೆಸರು. ಬರೆದವರು ಕಂಪನಿಯ ವೈದ್ಯಕೀಯ ಸಂಶೋಧನಾ ವಿಭಾಗದ ವೈದ್ಯರು ಎಂದು ಆ ಪ್ರಸೂತಿ ವೈದ್ಯರೇ ಮುಂದೆ ಪ್ರಮಾಣದ ಹೇಳಿಕೆಯಲ್ಲಿ ಒಪ್ಪಿಕೊಂಡರು. ಈ ನಡುವೆ ‘ಪ್ರಯೋಗ’ದ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ ವೈದ್ಯರಿಗೆ ಕಂಪನಿ ಲಕ್ಷಗಟ್ಟಲೆ ಮಾತ್ರೆ ಹಂಚಿತ್ತು.

ಎರಡೂ ಕಡೆ ವೈದ್ಯರೇ. ಓದಿದ ಶಾಸ್ತ್ರ ಒಂದೇ, ಪದವಿ ಒಂದೇ. ಒಬ್ಬರ ಸಹಿಗೆ ತಡೆಯುವ ಶಕ್ತಿಯನ್ನು ಕಾನೂನು ಕೊಟ್ಟಿತ್ತು. ಇನ್ನೊಬ್ಬರ ಕೈಯಲ್ಲಿ ಅಂಥದ್ದೇನೂ ಇರಲಿಲ್ಲ. ಹಾಗಾಗಿ ಆ ಕೈ ಬೇರೆಯವರ ಹೆಸರಿನಲ್ಲಿ ಬರೆಯಿತು. ಕೆಲ್ಸಿಯ ವ್ಯಕ್ತಿತ್ವದ ದಿಟ್ಟತನವನ್ನು ಹೊಗಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ದಿಟ್ಟತನ ಅವರಲ್ಲಿ ಇತ್ತು, ನಿಜ. ಆದರೆ ಅದಕ್ಕೆ ನಿಲ್ಲಲು ನೆಲ ಕೊಟ್ಟದ್ದು 1938ರ ಕಾಯ್ದೆ.

ಸಹಿ ವೃತ್ತಿಯಾದದ್ದು

1962ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ಕಾನೂನು ಬಿಗಿ ಮಾಡಿತು. ಔಷಧ ನಿರಪಾಯಕಾರಿ ಎಂದರೆ ಸಾಲದು, ಕೆಲಸ ಮಾಡುತ್ತದೆ ಎಂದೂ ಸರಿಯಾದ ನಿಯಂತ್ರಿತ ಪ್ರಯೋಗಗಳಿಂದ ತೋರಿಸಬೇಕು. ಪ್ರಯೋಗವೆಂದರೆ ರೋಗಿಗಳು, ರೋಗಿಗಳೆಂದರೆ ವೈದ್ಯರು. ಬ್ರಿಟನ್ 1964ರಲ್ಲಿ ಹಳದಿ ಕಾರ್ಡ್ ಪದ್ಧತಿ ತಂದು ಅಡ್ಡಪರಿಣಾಮಗಳನ್ನು ವರದಿ ಮಾಡಿ ಎಂದು ವೈದ್ಯರನ್ನು ಕೇಳಿಕೊಂಡಿತು. ಬಂದ ವರದಿಗಳನ್ನು ಓದಿ ತೂಗಿ ನೋಡುವವರು ಕಂಪನಿಯೊಳಗೂ ಬೇಕಾದರು. 1996ರಲ್ಲಿ ಒಪ್ಪಿಗೆಯಾದ ಅಂತಾರಾಷ್ಟ್ರೀಯ ಪ್ರಯೋಗ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿತು: ಪ್ರಯೋಗದ ವೈದ್ಯಕೀಯ ಪ್ರಶ್ನೆಗಳಿಗೆ ಉತ್ತರಿಸಲು ಪ್ರಾಯೋಜಕ ಕಂಪನಿ ಅರ್ಹ ವೈದ್ಯಕೀಯ ಸಿಬ್ಬಂದಿಯನ್ನು ನೇಮಿಸಿರಬೇಕು. ಯುರೋಪಿನಲ್ಲಿ ಔಷಧ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿ ವೈದ್ಯರಲ್ಲದಿದ್ದರೆ ಅವರ ಪಕ್ಕದಲ್ಲಿ ವೈದ್ಯಕೀಯ ಶಿಕ್ಷಣ ಪಡೆದವರೊಬ್ಬರು ಇರಲೇಬೇಕು, ಇದ್ದಾರೆಂಬುದು ದಾಖಲಾಗಿರಲೇಬೇಕು.

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇದನ್ನು ವೃತ್ತಿಯಾಗಿ ಕಟ್ಟಿತು. ಕಂಪನಿ ವೈದ್ಯರ ಸಂಘ 1957ರಲ್ಲಿ, ಅವರಿಗೆಂದೇ ಡಿಪ್ಲೊಮಾ 1976ರಲ್ಲಿ, ವೈದ್ಯರ ರಾಯಲ್ ಕಾಲೇಜುಗಳ ಆಶ್ರಯದಲ್ಲಿ ಪ್ರತ್ಯೇಕ ವಿಭಾಗ 1989ರಲ್ಲಿ. 2002ರಲ್ಲಿ ಫಾರ್ಮಾಸ್ಯುಟಿಕಲ್ ಮೆಡಿಸಿನ್ ಹೃದ್ರೋಗ, ನರರೋಗಗಳ ಸಾಲಿನಲ್ಲಿ ಒಂದು ವೈದ್ಯಕೀಯ ತಜ್ಞತೆಯೆಂದು ಮಾನ್ಯವಾಯಿತು. ಅಲ್ಲಿ ಆಸ್ಪತ್ರೆಯಿಂದ ಕಂಪನಿಗೆ ಹೋಗುವವರು ಒಂದು ತಜ್ಞತೆಯಿಂದ ಇನ್ನೊಂದಕ್ಕೆ ಹೋದಂತೆ. ಕೆಲಸಕ್ಕೆ ತಕ್ಕ ಪಠ್ಯ, ತರಬೇತಿ, ಪರೀಕ್ಷೆ ಎಲ್ಲ ಇವೆ. ನಮ್ಮಲ್ಲಿ ಇದೇ ಹೆಸರಿನ ಎಂ.ಡಿ. ಇಲ್ಲ. ಫಾರ್ಮಕಾಲಜಿಯ ಎಂ.ಡಿ., ಕ್ಲಿನಿಕಲ್ ಫಾರ್ಮಕಾಲಜಿಯ ಡಿ.ಎಂ. ಹತ್ತಿರದವು, ಆದರೆ ಕಂಪನಿ ಸೇರುವ ಎಂಬಿಬಿಎಸ್ ಪದವೀಧರರು ಬಹುತೇಕ ಅಲ್ಲಿಯೇ ಕೆಲಸ ಮಾಡುತ್ತಾ ಕಲಿಯುತ್ತಾರೆ. ಕಲಿಸುವವರು ಸಂಬಳ ಕೊಡುವವರೇ. ಇದನ್ನು ನಾನು ಸಣ್ಣ ಕೊರತೆಯೆಂದು ಎಣಿಸುವುದಿಲ್ಲ.

ಭಾರತದಲ್ಲಿ ಒಂದು ಕಾಲಂ

ಔಷಧ ಮತ್ತು ಪ್ರಸಾಧನ ನಿಯಮಗಳಿಗೆ ಔಷಧ ಪ್ರಯೋಗಗಳ ಕುರಿತ ವೈ ಅನುಸೂಚಿ ಸೇರಿದ್ದು 1988ರಲ್ಲಿ. ಅದರ ಪ್ರಕಾರ ವಿದೇಶದಲ್ಲಿ ಕಂಡುಹಿಡಿದ ಔಷಧದ ಪ್ರಯೋಗ ಇಲ್ಲಿ ಒಂದು ಹಂತ ತಡವಾಗಿಯೇ ನಡೆಯಬೇಕಿತ್ತು. 2005ರ ಜನವರಿಯ ತಿದ್ದುಪಡಿ ಆ ಅಂತರವನ್ನು ತೆಗೆಯಿತು. ಎರಡನೇ, ಮೂರನೇ ಹಂತದ ಪ್ರಯೋಗಗಳು ಹೊರದೇಶಗಳ ಜೊತೆಜೊತೆಗೇ ಇಲ್ಲೂ ನಡೆಯತೊಡಗಿದವು. ಬಯೋಕಾನ್ 2000ದಲ್ಲೇ ಕ್ಲಿನಿಜೀನ್ ಎಂಬ ಪ್ರಯೋಗ ಸಂಸ್ಥೆಯನ್ನು ಬೆಂಗಳೂರಿನಲ್ಲಿ ತೆರೆದಿತ್ತು. 2005ರ ನಂತರ ಇಂಥ ಕಚೇರಿಗಳಲ್ಲಿ ವೈದ್ಯರಿಗೆ ಜಾಗ ಹೆಚ್ಚಿತು. ಆಮೇಲೆ ಇಂದೋರ್‌ನಲ್ಲಿ ನಡೆದ ಔಷಧ ಪ್ರಯೋಗಗಳ ವಿವಾದ, ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದದ್ದು, 2013ರ ಜನವರಿಯ ಪರಿಹಾರ ನಿಯಮ. ಎಲ್ಲವನ್ನೂ ಒಟ್ಟುಗೂಡಿಸಿದ್ದು 2019ರ ಮಾರ್ಚ್ 19ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು.

ಈ ನಿಯಮಗಳನ್ನು ವೈದ್ಯರ ಕಣ್ಣಿನಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರಯೋಗದಲ್ಲಿದ್ದ ರೋಗಿಗೆ ಗಂಭೀರ ತೊಂದರೆಯಾದರೆ ಪ್ರಯೋಗ ನಡೆಸುವ ವೈದ್ಯರು 24 ಗಂಟೆಯೊಳಗೆ ತಿಳಿಸಬೇಕು. ಆ ವೈದ್ಯರೂ ಪ್ರಾಯೋಜಕರೂ 14 ದಿನದೊಳಗೆ ಸಕಾರಣ ವಿಶ್ಲೇಷಣೆ ಕೊಡಬೇಕು. ಆ ವಿಶ್ಲೇಷಣೆಯ ತಿರುಳು ಒಂದೇ ಕಾಲಂನಲ್ಲಿದೆ: ತೊಂದರೆಗೂ ಔಷಧಕ್ಕೂ ಸಂಬಂಧ ಇದೆಯೇ, ಇಲ್ಲವೇ. ಇದೆ ಎಂದಾದರೆ ಪರಿಹಾರ. ಸಾವಿನ ಪರಿಹಾರಕ್ಕೆ ಸೂತ್ರವೇ ಇದೆ. 8 ಲಕ್ಷ ರೂಪಾಯಿಯ ಮೂಲ ಮೊತ್ತವನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. ಅಪಾಯದ ಅಂಶ 0.5ರಿಂದ 4ರವರೆಗೆ ಹೋಗುತ್ತದೆ. ಆರು ತಿಂಗಳು ಬದುಕುವುದೂ ಅನುಮಾನವಾಗಿದ್ದ ರೋಗಿಗೆ 0.5, ಆರೋಗ್ಯವಂತ ಸ್ವಯಂಸೇವಕರಿಗೆ 4. ಪ್ರಯೋಗಕ್ಕೆ ಸೇರುವಾಗ ಮನುಷ್ಯ ಎಷ್ಟು ಕಾಯಿಲೆಯವನಾಗಿದ್ದ ಎಂಬ ವೈದ್ಯಕೀಯ ಅಂದಾಜು ಕುಟುಂಬದ ಕೈಗೆ ಬರುವ ಹಣವನ್ನು ಎಂಟು ಪಟ್ಟಿನವರೆಗೆ ಏರುಪೇರು ಮಾಡಬಲ್ಲದು. ಕೊನೆಯ ತೀರ್ಮಾನ ಕೇಂದ್ರದ ಔಷಧ ನಿಯಂತ್ರಕರದು, ಅದಕ್ಕೆ ತಜ್ಞರ ಸಮಿತಿಯೂ ಇದೆ. ಆದರೂ ಕಂಪನಿಯ ಮೇಜಿನಿಂದ ಹೊರಡುವ ವರದಿಯನ್ನು ಬರೆಯುವ ಕೈ ಅಲ್ಲಿನ ವೈದ್ಯರದು.

ಮಾರುಕಟ್ಟೆಗೆ ಬಂದ ಔಷಧದ ಮೇಲೆ ಕಣ್ಣಿಡುವ ಕೆಲಸ ಇನ್ನೊಂದು. ಭಾರತದ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ಶುರುವಾಯಿತು, 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗ. ಆಸ್ಪತ್ರೆಗಳಲ್ಲಿ ಅಡ್ಡಪರಿಣಾಮ ವರದಿ ಕೇಂದ್ರಗಳಿವೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯದು ನಮ್ಮವರಿಗೆ ಪರಿಚಿತ. 2016ರ ಮಾರ್ಚ್‌ನ ತಿದ್ದುಪಡಿ ಕಂಪನಿಗಳಿಗೂ ಇದನ್ನು ಕಡ್ಡಾಯ ಮಾಡಿತು. ವರದಿಗಳನ್ನು ಕಲೆಹಾಕಿ ಪರಿಶೀಲಿಸುವ ವಿಭಾಗದ ಅಧಿಕಾರಿ ಮೆಡಿಕಲ್ ಆಫೀಸರ್ ಆಗಿರಬೇಕು, ಇಲ್ಲವೇ ಆ ಕೆಲಸದಲ್ಲಿ ತರಬೇತಾದ ಫಾರ್ಮಸಿಸ್ಟ್ ಆಗಿರಬೇಕು. ಕುರ್ಚಿ ಹಾಕಿದ್ದು ಕಾನೂನು ಎಂದು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ವಾರ್ಡಿನ ಕಣ್ಣು ಯಾಕೆ ಬೇಕು

ಫಾರ್ಮಸಿಸ್ಟ್ ಸಾಕು ಎಂದು ನಿಯಮವೇ ಹೇಳುವಾಗ ವೈದ್ಯರೇ ಯಾಕೆ? ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ಉಡುಪಿ ಜಿಲ್ಲೆಯ ರೈತ, ವಯಸ್ಸು 45. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಪ್ರಯೋಗದಲ್ಲಿದ್ದಾನೆ. ಜುಲೈ ತಿಂಗಳು, ಆರನೇ ವಾರ. ಜ್ವರ, ಮೈಕೈ ನೋವು, ಕಣ್ಣು ಹಳದಿ. ಯಕೃತ್ತಿನ ಎಎಲ್‌ಟಿ ಮಿತಿಯ ಮೂರು ಪಟ್ಟು ಮೀರಿದೆ, ಬಿಲಿರುಬಿನ್ ಎರಡು ಪಟ್ಟು ಮೀರಿದೆ. ಯಕೃತ್ತಿನ ತಜ್ಞ ಹೈಮನ್ ಜಿಮ್ಮರ್‌ಮನ್ ಹೆಸರಿನಲ್ಲಿ ‘ಹೈ ನಿಯಮ’ ಎಂದು ಕರೆಯುವ ಸೂಚನೆ ಇದೇ: ಬೇರೆ ಕಾರಣವಿಲ್ಲದೆ ಇವೆರಡೂ ಒಟ್ಟಿಗೆ ಏರಿದರೆ ಔಷಧ ಯಕೃತ್ತನ್ನು ಗಂಭೀರವಾಗಿ ಕೆಡಿಸುತ್ತಿದೆ, ಅಂಥವರಲ್ಲಿ ಸುಮಾರು ಹತ್ತಕ್ಕೊಬ್ಬರು ಸಾಯುವ ಭಯವಿದೆ. ಒಂದೆರಡು ಇಂಥ ಪ್ರಕರಣ ಒಂದು ಔಷಧದ ಹಣೆಬರಹವನ್ನೇ ಬದಲಿಸಬಲ್ಲವು.

ಎಲ್ಲ ತೂಕವೂ ‘ಬೇರೆ ಕಾರಣವಿಲ್ಲದೆ’ ಎಂಬ ಷರತ್ತಿನ ಮೇಲಿದೆ. ಕರಾವಳಿಯ ಮಳೆಗಾಲದಲ್ಲಿ ದುಡಿದ ವೈದ್ಯರು ಮೊದಲು ಇಲಿ ಜ್ವರವನ್ನು ನೆನೆಯುತ್ತಾರೆ. ಗದ್ದೆಯ ಕೆಸರಿಗೆ ಇಳಿದಿದ್ದನೇ, ಕ್ರಿಯಾಟಿನಿನ್ ಎಷ್ಟು, ಪ್ಲೇಟ್‌ಲೆಟ್ ಇಳಿದಿದೆಯೇ? ಇಲಿ ಜ್ವರದ ಕಾಮಾಲೆಯಲ್ಲಿ ಬಿಲಿರುಬಿನ್ ಬಹಳ ಏರುತ್ತದೆ, ಎಎಲ್‌ಟಿ ಅಷ್ಟಾಗಿ ಏರುವುದಿಲ್ಲ. ಹೆಪಟೈಟಿಸ್ ಎ, ಇ ನೋಡಿದರೇ? ಜ್ವರಕ್ಕೆ ಪ್ಯಾರಸಿಟಮಾಲ್ ಎಷ್ಟು ನುಂಗಿದ? ಇನ್ನೊಂದು ಪ್ರಶ್ನೆ ಫಾರ್ಮಿನಲ್ಲಿ ಸಿಗುವುದಿಲ್ಲ. ‘ಬೇರೆ ಔಷಧಿ: ಇಲ್ಲ’ ಎಂದು ಬರೆದ ಕಡೆ ನಾಟಿ ಔಷಧಿಯನ್ನೂ ಕೇಳಿದರೇ? ಕಾಮಾಲೆ ಎಂದರೆ ಮೊದಲು ನಾಟಿ ವೈದ್ಯರ ಮನೆಗೆ ಹೋಗುವುದು ಮಲೆನಾಡು, ಕರಾವಳಿಯಲ್ಲಿ ಮಾಮೂಲು. ಡಾಕ್ಟರ್ ಬೈದಾರೆಂದು ಆಸ್ಪತ್ರೆಯಲ್ಲಿ ಹೇಳದಿರುವುದೂ ಮಾಮೂಲು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ಕೂತವರಿಗೆ ಇದನ್ನು ಪುಸ್ತಕ ಕಲಿಸಬೇಕಿಲ್ಲ. ಕರ್ನಾಟಕದ 2012ರ ಕಡ್ಡಾಯ ಸೇವೆಯ ಕಾಯ್ದೆಯನ್ನು ಬೈಯುವ ಯುವ ವೈದ್ಯರು ಅಲ್ಲಿ ಕಳೆದ ದಿನಗಳನ್ನು ತಮ್ಮ ಅರ್ಜಿಯಲ್ಲಿ ಒಂದು ಸಾಲಿಗೆ ಇಳಿಸುತ್ತಾರೆ. ಔಷಧ ಸುರಕ್ಷತೆಯ ಮೇಜಿಗೆ ಆ ಒಂದು ವರ್ಷವೇ ಅವರ ಬಂಡವಾಳ.

ಬಿಡಬೇಕಾದ ಅಭ್ಯಾಸಗಳೂ ಇವೆ. ವಾರ್ಡಿನಲ್ಲಿ ಅನುಮಾನ ಬಂದರೆ ನಾಳೆ ಬೆಳಿಗ್ಗೆ ರೌಂಡ್ಸ್‌ನಲ್ಲಿ ಮತ್ತೆ ನೋಡಬಹುದು. ಇಲ್ಲಿ ರೋಗಿ ಕಾಣುವುದೇ ಇಲ್ಲ. ಇರುವುದು ಯಾರೋ ಬರೆದ ಎರಡು ಪುಟದ ಕಥನ, ಅದೂ ಹಲವು ಸಲ ಬೇರೆ ಖಂಡದ್ದು. ಕೈಗುಣಕ್ಕೆ ಹೆಸರಾದವರ ಅನುಭವದ ಊಹೆ ವಾರ್ಡಿನಲ್ಲಿ ಜೀವ ಉಳಿಸೀತು, ಇಲ್ಲಿ ಕಾರಣ ಬರೆಯದ ಊಹೆಗೆ ಬೆಲೆಯಿಲ್ಲ. ಔಷಧ ನಿಲ್ಲಿಸಿದ ಮೇಲೆ ತೊಂದರೆ ಇಳಿಯಿತೇ, ಮತ್ತೆ ಕೊಟ್ಟಾಗ ಮರಳಿತೇ, ಕಾಲದ ಲೆಕ್ಕ ಕೂಡುತ್ತದೆಯೇ ಎಂದು ಒಂದೊಂದಾಗಿ ಉತ್ತರಿಸಬೇಕು. ನರಾಂಜೊ ಮತ್ತು ಸಂಗಡಿಗರು 1981ರಲ್ಲಿ ಮಾಡಿಟ್ಟ ಹತ್ತು ಪ್ರಶ್ನೆಗಳ ಮಾಪಕ ಇದೇ ಕೆಲಸದ್ದು. 9 ಅಥವಾ ಹೆಚ್ಚು ಅಂಕ ಬಂದರೆ ನಿಶ್ಚಿತ, 5ರಿಂದ 8 ಸಂಭವನೀಯ, 1ರಿಂದ 4 ಸಾಧ್ಯ. ಯಂತ್ರದಂತೆ ಕಂಡರೂ ಅದರ ಮೌಲ್ಯ ಅಂಕದಲ್ಲಿಲ್ಲ. ಮರೆತ ಪ್ರಶ್ನೆಯನ್ನು ಅದು ನೆನಪಿಸುತ್ತದೆ.

ಎಲ್ಲಕ್ಕಿಂತ ಮುಖ್ಯ ನಿಯಮ ಯುರೋಪಿನದು. ರೋಗಿಯನ್ನು ಕಣ್ಣಾರೆ ಕಂಡ ವೈದ್ಯರು ‘ಸಂಬಂಧ ಇರಬಹುದು’ ಎಂದರೆ ಕಂಪನಿಯ ವೈದ್ಯರು ಅದನ್ನು ‘ಇಲ್ಲ’ ಎಂದು ಇಳಿಸುವಂತಿಲ್ಲ. ಒಪ್ಪದಿದ್ದರೆ ಇಬ್ಬರ ಅಭಿಪ್ರಾಯವೂ ವರದಿಯಲ್ಲಿ ಹೋಗಬೇಕು. ಕಂಪನಿ ವೈದ್ಯರ ಸಹಿಗೆ ಇದು ಮಿತಿಯೂ ಹೌದು, ರಕ್ಷಣೆಯೂ ಹೌದು: ಮೇಲಿನವರು ಇಳಿಸು ಎಂದಾಗ ತೋರಿಸಲು ಒಂದು ನಿಯಮ ಕೈಯಲ್ಲಿರುತ್ತದೆ.

ಕುರ್ಚಿಯಿಲ್ಲದ ಮೇಜು

ವೈದ್ಯರನ್ನು ಕರೆಯುವ ಇನ್ನೊಂದು ವಿಭಾಗವಿದೆ. ಮೆಡಿಕಲ್ ಅಡ್ವೈಸರ್, ಮೆಡಿಕಲ್ ಅಫೇರ್ಸ್, ಎಂಎಸ್ಎಲ್ (ಮೆಡಿಕಲ್ ಸೈನ್ಸ್ ಲಿಯೇಸಾನ್) ಎಂಬ ಹೆಸರುಗಳಲ್ಲಿ. ಹೊರಗಿನ ವೈದ್ಯರಿಗೆ ಔಷಧದ ವಿಜ್ಞಾನವನ್ನು ವಿವರಿಸುವುದು, ಪ್ರಚಾರದ ಕರಪತ್ರದಲ್ಲಿನ ಮಾತು ನಿಜವೇ ಎಂದು ನೋಡುವುದು ಇಲ್ಲಿನ ಕೆಲಸ. ಮಾರಾಟದ ಗುರಿಗೆ ಇದು ಅಂಟಿಕೊಂಡೇ ಇರುತ್ತದೆ.

ಭಾರತದ ನಿಯಮ ಈ ಕೆಲಸವನ್ನು ತಡೆಯುವುದಿಲ್ಲ. ವೈದ್ಯಕೀಯ ಪರಿಷತ್ತಿನ 2002ರ ಶಿಷ್ಟಾಚಾರ ನಿಯಮಗಳಿಗೆ 2009ರ ಡಿಸೆಂಬರಿನಲ್ಲಿ ಸೇರಿಸಿದ 6.8ನೇ ಖಂಡ ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯುವುದನ್ನು ನಿಷೇಧಿಸಿತು ಎಂಬುದು ಪ್ರಸಿದ್ಧ. ಅದೇ ಖಂಡದಲ್ಲಿ ವೈದ್ಯರು ಔಷಧ ಉದ್ಯಮದಲ್ಲಿ ಸಲಹೆಗಾರರಾಗಿ, ಸಂಶೋಧಕರಾಗಿ, ಬೇರಾವುದೇ ವೃತ್ತಿಪರ ಪಾತ್ರದಲ್ಲಿ ದುಡಿಯಬಹುದು ಎಂದೂ ಇದೆ. ಷರತ್ತುಗಳು: ವೃತ್ತಿಯ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಬಾರದು, ರೋಗಿಯ ಹಿತ ಕೆಡಬಾರದು, ಸಂಬಂಧ ಬಹಿರಂಗವಾಗಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ತಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದದ್ದರಿಂದ 2002ರ ನಿಯಮಗಳೇ ಮತ್ತೆ ಜಾರಿಗೆ ಬಂದವು. ಕಂಪನಿ ಸೇರಿದ ವೈದ್ಯರು ನೋಂದಣಿ ಬಿಟ್ಟುಕೊಟ್ಟರೆ ಈ ಖಂಡದ ಆಸರೆಯನ್ನೂ ಬಿಟ್ಟುಕೊಟ್ಟಂತೆ. ನೋಂದಣಿ ಉಳಿಸಿಕೊಳ್ಳಲು ಐದು ವರ್ಷಕ್ಕೆ 30 ಗಂಟೆಯ ಮುಂದುವರಿದ ಶಿಕ್ಷಣ ದೊಡ್ಡ ಬೆಲೆಯಲ್ಲ.

ಆದರೆ ಅನುಮತಿ ಬೇರೆ, ಅಧಿಕಾರ ಬೇರೆ. ಬ್ರಿಟನ್ನಿನ ಔಷಧ ಉದ್ಯಮದ ಸಂಹಿತೆಯಂತೆ ಪ್ರಚಾರ ಸಾಮಗ್ರಿ ಹೊರಬೀಳುವ ಮೊದಲು ನೋಂದಾಯಿತ ವೈದ್ಯರೋ ಫಾರ್ಮಸಿಸ್ಟರೋ ಅದನ್ನು ಪೂರ್ತಿ ನೋಡಿ ಪ್ರಮಾಣೀಕರಿಸಬೇಕು. ಸಹಿ ಯಾರದ್ದೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ನಮ್ಮ ಔಷಧ ಇಲಾಖೆ 2024ರ ಮಾರ್ಚ್ 12ರಂದು ಹೊರಡಿಸಿದ ಏಕರೂಪ ಮಾರಾಟ ಸಂಹಿತೆ ಉಡುಗೊರೆ, ಸಮ್ಮೇಳನ, ಸ್ಯಾಂಪಲ್ ಎಲ್ಲದರ ಬಗ್ಗೆ ಮಾತಾಡುತ್ತದೆ, ಪ್ರಚಾರದ ಮಾತು ಆಧಾರವುಳ್ಳದ್ದಾಗಿರಬೇಕು ಎನ್ನುತ್ತದೆ. ಪಾಲನೆಯ ಸ್ವಯಂಘೋಷಣೆ ಕೊಡಬೇಕಾದವರು ಕಂಪನಿಯ ಕಾರ್ಯನಿರ್ವಾಹಕ ಮುಖ್ಯಸ್ಥರು. ಕರಪತ್ರಕ್ಕೆ ವೈದ್ಯರ ಸಹಿ ಬೇಕೆಂಬ ಷರತ್ತು ಅದರಲ್ಲಿಲ್ಲ. ಒಳ್ಳೆಯ ಕಂಪನಿಗಳು ತಾವಾಗಿಯೇ ವೈದ್ಯರಿಂದ ಓದಿಸುತ್ತವೆ. ಆದರೆ ಡೇಲ್‌ಗೆ ಸಿಕ್ಕ ಸ್ವಾತಂತ್ರ್ಯದಂತೆ ಅದೂ ಒಡೆಯರ ಉದಾರತೆಯ ಮೇಲೆ ನಿಂತದ್ದು.

ಹೀಗಾಗಿ ಒಂದೇ ಕಟ್ಟಡದಲ್ಲಿ ಇಬ್ಬರು ವೈದ್ಯರು, ಇಬ್ಬರದೂ ಎಂಬಿಬಿಎಸ್, ಬೇರೆಬೇರೆ ಸ್ಥಿತಿಯಲ್ಲಿರುತ್ತಾರೆ. ಸುರಕ್ಷತೆಯ ಮೇಜಿನವರು ‘ಇಲ್ಲ’ ಎಂದರೆ ಅವರ ಬೆನ್ನಿಗೆ ನಿಯಮವಿದೆ. ಪ್ರಚಾರದ ಮೇಜಿನವರು ‘ಇಲ್ಲ’ ಎಂದರೆ ಅದು ಸಭೆಯಲ್ಲಿನ ಒಂದು ಅಭಿಪ್ರಾಯ. ಆಸ್ಪತ್ರೆ ಬಿಡಲು ಯೋಚಿಸುತ್ತಿರುವ ಯುವ ವೈದ್ಯರು ಸಂದರ್ಶನದಲ್ಲಿ ಸಂಬಳ, ಮನೆಯಿಂದ ಕೆಲಸ, ಬಡ್ತಿ ಎಲ್ಲವನ್ನೂ ಕೇಳಿದ ಮೇಲೆ ಇನ್ನೆರಡು ಕೇಳಲಿ: ನನ್ನ ಸಹಿ ಯಾವ ಕಾಗದದ ಮೇಲೆ ಬೀಳುತ್ತದೆ? ನಾನು ಒಪ್ಪದಿದ್ದರೆ ಆ ಅಸಮ್ಮತಿ ಎಲ್ಲಿ ದಾಖಲಾಗುತ್ತದೆ? ಇನ್ನು ಸಂಹಿತೆಯ ಕೊರತೆಗೆ ಹೊಸ ಕಾಯ್ದೆ ಬೇಕಿಲ್ಲ, ಸಂಸತ್ತಿಗೂ ಹೋಗಬೇಕಿಲ್ಲ. ಪ್ರಚಾರ ಸಾಮಗ್ರಿಯನ್ನು ನೋಂದಾಯಿತ ವೈದ್ಯರು ಅಥವಾ ಫಾರ್ಮಸಿಸ್ಟರು ಹೆಸರು, ನೋಂದಣಿ ಸಂಖ್ಯೆ ಸಹಿತ ಪ್ರಮಾಣೀಕರಿಸಬೇಕು ಎಂಬ ಒಂದು ಷರತ್ತನ್ನು ಔಷಧ ಇಲಾಖೆ ತನ್ನ ಸಂಹಿತೆಗೆ ಸೇರಿಸಿದರೆ ಸಾಕು.